ಗೋಡೆ ಮೇಲಿನ ಐದು ಸೈಕಲ್ಲು

ಸೈಕಲ್ ಶೋಕಿಯವರ ನಡುವೆ ಒಂದು ಮಾತು ಚಾಲ್ತಿಯಲ್ಲಿದೆ. ಒಬ್ಬ ಮನುಷ್ಯನಿಗೆ ಎಷ್ಟು ಸೈಕಲ್ಲು ಬೇಕು? ಈಗ ಎಷ್ಟಿವೆಯೋ ಅದಕ್ಕಿಂತ ಒಂದು ಹೆಚ್ಚು. ಹೀಗೆ ಹೇಳಿ ನಗುತ್ತಾರೆ. ಮೊದಲ ಸಲ ಕೇಳಿದಾಗ ನಾನೂ ನಕ್ಕೆ. ಆಮೇಲೆ ಊರಿಗೆ ಹೋಗುವ ಬಸ್ಸಿನಲ್ಲಿ ಕೂತು ಲೆಕ್ಕ ಹಾಕಿದೆ. ನಮ್ಮ ಕೇರಿಯಿಂದ ಹೈಸ್ಕೂಲಿಗೆ ಹೋಗುವ ಹೆಣ್ಣುಮಕ್ಕಳ ಹತ್ತಿರ ಈಗ ಎಷ್ಟಿವೆ? ಸೊನ್ನೆ. ಸೊನ್ನೆಗಿಂತ ಒಂದು ಹೆಚ್ಚು ಎಂದರೆ ಒಂದು. ಆ ಒಂದರ ಸಲುವಾಗಿ ಈ ಬರಹ.

ಹಾಸ್ಟೆಲಿನಲ್ಲಿ ನನ್ನ ಜೊತೆ ಒಂದೇ ಚಾಪೆಯ ಮೇಲೆ ಮಲಗಿದ್ದ ಗೆಳೆಯ ಈಗ ಬೆಂಗಳೂರಿನಲ್ಲಿ ದೊಡ್ಡ ಹುದ್ದೆಯಲ್ಲಿದ್ದಾನೆ. ನಮ್ಮ ಕೇರಿಯವನೇ. ಅವನಪ್ಪ, ನನ್ನಪ್ಪ ಒಂದೇ ಗೌಡರ ಮನೆಯಲ್ಲಿ ಜೀತಕ್ಕಿದ್ದವರು. ಶಾಲೆಯ ಮಕ್ಕಳ ವಿಷಯ ಮಾತಾಡೋಣವೆಂದು ಮೊನ್ನೆ ಅವನ ಮನೆಗೆ ಹೋಗಿದ್ದೆ. ಏಳನೇ ಮಹಡಿ. ನಡುಮನೆಯ ಗೋಡೆಗೆ ಐದು ಸೈಕಲ್ಲು. ದೇವರ ಪಟ ಇರಬೇಕಾದ ಕಡೆ ಸೈಕಲ್ಲು ಇದ್ದದ್ದು ನೋಡಿ ಮೊದಲಿಗೆ ಖುಷಿಯೇ ಆಯಿತು.

ಒಂದೊಂದನ್ನೇ ತೋರಿಸಿದ. ಮೊದಲನೆಯದು ರೋಡ್ ಸೈಕಲ್ಲು. ಬೆರಳು ದಪ್ಪದ ಟೈರು, ಟಗರಿನ ಕೊಂಬಿನ ಹಾಗೆ ಬಾಗಿದ ಹ್ಯಾಂಡಲ್ಲು. ಡಾಂಬರು ರಸ್ತೆಯಲ್ಲಿ ಜೋರಾಗಿ ಹೋಗುವುದಕ್ಕೆ. ಎರಡನೆಯದು ಗುಡ್ಡದ ಸೈಕಲ್ಲು. ಹಲ್ಲು ಹಲ್ಲಿನ ದಪ್ಪ ಟೈರು, ಮುಂದಿನ ಫೋರ್ಕಿನಲ್ಲಿ ಸಸ್ಪೆನ್ಷನ್ನು. ಕಲ್ಲುಮುಳ್ಳಿನ ಕಾಲುದಾರಿಗೆ. ಮೂರನೆಯದು ದೂರದ ಸವಾರಿಗೆ. 200, 300, 400, 600 ಕಿಲೋಮೀಟರಿನ 'ಬ್ರೆವೆ' ಎಂಬ ಸವಾರಿಗಳಿವೆ. 200 ಕಿ.ಮೀ.ಯನ್ನು ಹದಿಮೂರೂವರೆ ಗಂಟೆಯೊಳಗೆ, 600 ಕಿ.ಮೀ.ಯನ್ನು 40 ಗಂಟೆಯೊಳಗೆ ಮುಗಿಸಬೇಕು. ನಮ್ಮ ಗೆಳೆಯ 600 ಮುಗಿಸಿದವನು. ನಾಲ್ಕನೆಯದು ಮಡಚುವ ಸೈಕಲ್ಲು, ಕಾರಿನ ಡಿಕ್ಕಿಯಲ್ಲಿ ಹಾಕಿಕೊಂಡು ಹೋಗೋಕೆ. ಐದನೆಯದು ಏನಕ್ಕಪ್ಪಾ ಎಂದೆ. ಅದು ಹೈಬ್ರಿಡ್ಡು ಕಣ್ಲಾ, ಬೆಳಿಗ್ಗೆ ಹಾಲು ತರೋಕೆ ಅಂದ.

ಹಾಲು ತರುವುದಕ್ಕೇ ಬೇರೆ ಒಂದು ಸೈಕಲ್ಲು!

ನನಗೆ ನಮ್ಮಪ್ಪನ ಸೈಕಲ್ಲು ನೆನಪಾಯಿತು. 1976ರಲ್ಲಿ ಜೀತ ನಿಷೇಧ ಕಾಯ್ದೆ ಬಂತು. ಅದಾದ ಮೇಲೆ ಅಪ್ಪ ಗೌಡರ ಮನೆ ಬಿಟ್ಟು ಕಬ್ಬು ಕಡಿಯಲು ಹೋದ. ಆ ಕೂಲಿಯಲ್ಲಿ ಮೂರು ಕಂತು ಕಟ್ಟಿ ಯಾರೋ ಓಡಿಸಿ ಬಿಟ್ಟ ಒಂದು ಕರೀ ಸೈಕಲ್ಲು ತಂದ. ಬೆಳಿಗ್ಗೆ ಅದೇ ಸೈಕಲ್ಲಿಗೆ ಎರಡು ಕ್ಯಾನು ಕಟ್ಟಿ ಗೌಡರ ಹಾಲನ್ನು ಡೈರಿಗೆ ಹಾಕುತ್ತಿದ್ದ. ಮಧ್ಯಾಹ್ನ ಅದರ ಮೇಲೆ ಹುಲ್ಲಿನ ಹೊರೆ. ಸಂಜೆ ರಾಗಿ ಮೂಟೆ, ಹಿಟ್ಟಿನ ಮಿಲ್ಲಿಗೆ. ಕೇರಿಯಲ್ಲಿ ಯಾರಿಗಾದರೂ ಹೆರಿಗೆ ನೋವು ಬಂದರೆ ಕ್ಯಾರಿಯರಿನ ಮೇಲೆ ಗೋಣಿಚೀಲ ಮಡಚಿ ಹಾಕಿ ಕೂರಿಸಿ ಆಸ್ಪತ್ರೆಗೆ. ಸತ್ತರೆ ನೆಂಟರಿಷ್ಟರ ಊರಿಗೆ ಸುದ್ದಿ ಮುಟ್ಟಿಸುವುದೂ ಅದರಲ್ಲೇ. ಭಾನುವಾರ ನಾನು, ನನ್ನ ತಮ್ಮ ಬಾರಿನ ಕೆಳಗೆ ಕಾಲು ತೂರಿಸಿ ಒಳಪೆಡಲು ತುಳಿದು ಮೊಣಕಾಲು ಕೆತ್ತಿಸಿಕೊಂಡದ್ದೂ ಅದರಲ್ಲೇ. ಪೇಟೆಯೊಳಕ್ಕೆ ಹೋಗಬೇಕಾದರೆ ಪುರಸಭೆಯ ಬಿಲ್ಲೆ ಇರಬೇಕು. ರಾತ್ರಿ ದೀಪವಿಲ್ಲದೆ ಸಿಕ್ಕರೆ, ಹಿಂದೆ ಒಬ್ಬನನ್ನು ಕೂರಿಸಿಕೊಂಡು ಸಿಕ್ಕರೆ, ದಂಡ. ದಂಡಕ್ಕೆ ಕಾಸಿಲ್ಲ ಅಂದರೆ ಪೊಲೀಸಪ್ಪ ಚಕ್ರದ ಗಾಳಿ ಬಿಡುತ್ತಿದ್ದ.

ಬಗೆಬಗೆಯ ಸವಾರಿಗೆ ಬಗೆಬಗೆಯ ಸೈಕಲ್ಲು ಬೇಕು ಅನ್ನುತ್ತಾರಲ್ಲ, ನಮ್ಮಪ್ಪನಿಗೂ ಬಗೆಬಗೆಯ ಸವಾರಿ ಇದ್ದವು. ಸೈಕಲ್ಲು ಮಾತ್ರ ಒಂದೇ. ಆ ಒಂದೇ ಸೈಕಲ್ಲಿನಲ್ಲಿ ಇಡೀ ಕೇರಿ ಬದುಕುತ್ತಿತ್ತು.

ಇಷ್ಟಕ್ಕೇ ಮುಗಿಯಲಿಲ್ಲ. ಇನ್ನೊಂದು ಬಗೆಯ ಸವಾರಿ ಇತ್ತು. ಅದಕ್ಕೆ ಯಾವ ಕಂಪನಿಯೂ ಇನ್ನೂ ಸೈಕಲ್ಲು ಮಾಡಿಲ್ಲ. ಅರಳೀಕಟ್ಟೆಯಿಂದ ಮಾರಿಗುಡಿಯವರೆಗೆ ಸುಮಾರು ಇನ್ನೂರು ಹೆಜ್ಜೆ ಊರೊಳಗಿನ ಬೀದಿ. ಆ ಇನ್ನೂರು ಹೆಜ್ಜೆ ನಮ್ಮವರು ಸೈಕಲ್ಲಿನ ಮೇಲೆ ಕೂರುವ ಹಾಗಿರಲಿಲ್ಲ. ಕಟ್ಟೆ ಹತ್ತಿರ ಬರುತ್ತಲೇ ಇಳಿಯಬೇಕು. ಚಪ್ಪಲಿ ಇದ್ದರೆ ಬಿಚ್ಚಿ ಹ್ಯಾಂಡಲ್ಲಿಗೆ ಸಿಕ್ಕಿಸಬೇಕು. ತಲೆ ಬಗ್ಗಿಸಿ ತಳ್ಳಿಕೊಂಡು ಹೋಗಬೇಕು. ಮಾರಿಗುಡಿ ದಾಟಿದ ಮೇಲೆ ಹತ್ತಬಹುದು. ಒಂದು ಮಳೆಗಾಲದ ಸಂಜೆ ಅವ್ವನಿಗೆ ಕೆಂಡದಂಥ ಜ್ವರ. ಅಪ್ಪ ಅವಳನ್ನು ಕ್ಯಾರಿಯರಿನ ಮೇಲೆ ಕೂರಿಸಿಕೊಂಡು ಹೊರಟ. ಕಟ್ಟೆಯ ಮೇಲೆ ನಾಲ್ಕು ಜನ ಕಂಬಳಿ ಹೊದ್ದು ಬೀಡಿ ಸೇದುತ್ತಾ ಕೂತಿದ್ದರು. ಅಪ್ಪ ಇಳಿದ. ಇಳಿದವನನ್ನು ನೋಡಿ ಕಟ್ಟೆ ಮೇಲಿಂದ ಒಂದು ದನಿ, "ಅವ್ಳೇನ್ಲಾ, ಪಟ್ಟದ ರಾಣಿಯಾ?" ಅವ್ವನೂ ಇಳಿದಳು. ಆ ಜ್ವರದಲ್ಲಿ, ಆ ಕೆಸರಿನಲ್ಲಿ, ಇನ್ನೂರು ಹೆಜ್ಜೆ ನಡೆದಳು. ನಾನು ಅವಳ ಸೀರೆಯ ಸೆರಗು ಹಿಡಿದುಕೊಂಡು ಹಿಂದೆ ಇದ್ದೆ.

ಇದು ನಮ್ಮೊಂದೂರಿನ ಕತೆ ಅಂದುಕೊಂಡರೆ ತಪ್ಪು. 1901ರಲ್ಲಿ ಮಸೂರು ಸ್ಟೇಷನ್ನಿನಲ್ಲಿ ಇಳಿದ ಪುಟ್ಟ ಭೀಮರಾವ್ ಮತ್ತು ಜೊತೆಯ ಹುಡುಗರು ಗೋರೆಗಾಂವಿನಲ್ಲಿದ್ದ ಅಪ್ಪನ ಹತ್ತಿರ ಹೋಗಬೇಕಿತ್ತು. ಜಾತಿ ತಿಳಿದ ಕೂಡಲೇ ಯಾವ ಗಾಡಿಯವನೂ ಬರಲು ಒಪ್ಪಲಿಲ್ಲ. ಕೊನೆಗೆ ಎರಡರಷ್ಟು ಬಾಡಿಗೆ, ಜೊತೆಗೆ ಗಾಡಿಯನ್ನು ಹುಡುಗರೇ ಹೊಡೆಯಬೇಕು, ಗಾಡಿಯವನು ಪಕ್ಕದಲ್ಲಿ ನಡೆದು ಬರುತ್ತಾನೆ ಎಂಬ ಕರಾರು. ದುಡ್ಡು ಅವನಿಗೆ ಮೈಲಿಗೆಯಾಗಲಿಲ್ಲ ನೋಡಿ! ಮುಂದೆ ಅದೇ ಹುಡುಗ ಅಮೆರಿಕ, ಇಂಗ್ಲೆಂಡಿನಲ್ಲಿ ಓದಿ, ಬ್ಯಾರಿಸ್ಟರಾಗಿ, 1929ರಲ್ಲಿ ಮುಂಬಯಿ ಸರ್ಕಾರದ ಸಮಿತಿಯ ಸದಸ್ಯನಾಗಿ ಚಾಳೀಸ್‌ಗಾಂವಿಗೆ ಹೋದಾಗ ಟಾಂಗಾದವರು ಹೊಡೆಯಲು ಒಪ್ಪಲಿಲ್ಲ. ಟಾಂಗಾ ಹೊಡೆದು ಗೊತ್ತಿಲ್ಲದ ನಮ್ಮವನೊಬ್ಬ ಹೊಡೆದ. ಮೋರಿಯ ಮೇಲೆ ಟಾಂಗಾ ತಪ್ಪಿ ಬಾಬಾಸಾಹೇಬರು ಕಲ್ಲಿನ ಮೇಲೆ ಬಿದ್ದರು. ಕಾಲು ಮುರಿಯಿತು. ಇದನ್ನೆಲ್ಲ ಅವರೇ ಬರೆದಿಟ್ಟಿದ್ದಾರೆ.

ಇನ್ನೂ ಒಂದು ದಾಖಲೆ ಬೇಕೆ? ದೌರ್ಜನ್ಯ ತಡೆ ಕಾಯ್ದೆ 1989ರದು. 2015ರಲ್ಲಿ ಅದಕ್ಕೆ ತಿದ್ದುಪಡಿ ಆಯಿತು. 2016ರ ಜನವರಿ 26ರಿಂದ ಜಾರಿಗೆ ಬಂತು. ಆ ತಿದ್ದುಪಡಿಯಲ್ಲಿ 'ಬೈಸಿಕಲ್' ಎಂಬ ಪದವೇ ಇದೆ. ಸಾರ್ವಜನಿಕ ಜಾಗದಲ್ಲಿ ದಲಿತರು, ಆದಿವಾಸಿಗಳು ಸೈಕಲ್ಲು, ಮೋಟಾರ್ ಸೈಕಲ್ಲು ಏರುವುದನ್ನು, ಚಪ್ಪಲಿ ಮೆಟ್ಟುವುದನ್ನು, ಹೊಸಬಟ್ಟೆ ತೊಡುವುದನ್ನು ತಡೆದರೆ ಅಪರಾಧ ಎಂದು ಬರೆದಿದ್ದಾರೆ. ಜಾತಿ ಎಲ್ಲಿದೆ ಸ್ವಾಮೀ ಈ ಕಾಲದಲ್ಲಿ ಎಂದು ಕೇಳುವ ಬುದ್ಧಿವಂತರು ಈ ಪ್ರಶ್ನೆಗೆ ಉತ್ತರ ಹೇಳಲಿ. ಎಲ್ಲೂ ಇಲ್ಲದ ರೋಗಕ್ಕೆ ಪಾರ್ಲಿಮೆಂಟು 2015ರಲ್ಲಿ ಯಾಕೆ ಮದ್ದು ಅರೆಯಿತು?

ಈ ಮಾತೆಲ್ಲ ಗೆಳೆಯನ ಮನೆಯಲ್ಲಿ ಆಡಿದೆ. ಅವನು ಸುಮ್ಮನೆ ಕೇಳಿದ. ಆಮೇಲೆ ಹೇಳಿದ: "ನಂಗೆ ಹೇಳ್ತೀಯೇನ್ಲಾ ಇದ್ನ? ನಮ್ಮಪ್ಪ ಸಾಯೋಗಂಟ ಕಟ್ಟೆ ಮುಂದೆ ಸೈಕಲ್ ಇಳ್ದ. ನಾನು ಈ ಐದ್ರಲ್ಲೂ ಒಂದೊಂದ್ ಸಲ ಊರ್ಗೋಗಿ ಆ ಕಟ್ಟೆ ಮುಂದೆ ಇಳೀದೆ ಹೋಗಿವ್ನಿ. ಐದ್ ಸಲ ಕಣ್ಲಾ. ಒಂದೊಂದ್ ಸೈಕಲ್ಲೂ ನಮ್ಮಪ್ಪನ್ ಲೆಕ್ಕ."

ಈ ಮಾತಿಗೆ ನನ್ನ ಹತ್ತಿರ ತಟ್ಟನೆ ಉತ್ತರ ಇರಲಿಲ್ಲ. ನನ್ನ ಗಂಟಲೂ ಕಟ್ಟಿತು. ಶತಮಾನಗಳಿಂದ ಇಳಿಸಿದವರ ಮುಂದೆ ಒಬ್ಬ ಇಳಿಯದೆ ಹೋದನೆಂದರೆ ಅದು ಸಣ್ಣ ಮಾತಲ್ಲ. ನಮ್ಮವನೊಬ್ಬ ಐದು ಸೈಕಲ್ಲು ಇಟ್ಟುಕೊಂಡ ಅಂದ ಕೂಡಲೇ ಮೂಗು ಮುರಿಯುವ ಮೇಲ್ಜಾತಿ ಸರಳತೆಯ ಉಪದೇಶಕರ ಸಾಲಿನಲ್ಲಿ ನಾನು ನಿಲ್ಲುವುದಿಲ್ಲ. ಅವರ ಮನೆಯ ಮುಂದೆ ಮೂರು ಕಾರು ನಿಂತಿರುತ್ತವೆ, ನಮಗೆ ಮಾತ್ರ ಸೈಕಲ್ಲು ಆರೋಗ್ಯಕ್ಕೆ ಒಳ್ಳೆಯದು, ಪರಿಸರಕ್ಕೆ ಒಳ್ಳೆಯದು ಎಂದು ಪಾಠ ಹೇಳುತ್ತಾರೆ. ಕೇರಿಯ ಹುಡುಗ ಸಾಲ ಮಾಡಿ ಒಂದು ಮೋಟಾರ್ ಬೈಕು ತಂದರೆ ಇವರ ಕಣ್ಣಿಗೆ ಪರಿಸರ ಹಾಳಾಗುತ್ತದೆ!

ಆದರೂ ಗೆಳೆಯಾ, ಅವತ್ತು ಹೇಳಲಾಗದ ಉತ್ತರವನ್ನು ಇವತ್ತು ಇಲ್ಲಿ ಹೇಳುತ್ತೇನೆ. ನೀನು ಆ ಬೀದಿಯಲ್ಲಿ ಹೋದಾಗ ನಾನು ಊರಲ್ಲೇ ಇದ್ದೆ. ತಲೆಗೆ ಹೆಲ್ಮೆಟ್ಟು, ಕಣ್ಣಿಗೆ ಕಪ್ಪು ಕನ್ನಡಕ, ಮೈಗೆ ಅಂಟಿದ ಬಣ್ಣದ ಅಂಗಿ. ಕಟ್ಟೆಯವರು ಮಾರನೇ ದಿನ ನನ್ನನ್ನೇ ಕೇಳಿದರು: "ಮೇಷ್ಟ್ರೇ, ಯಾರೋ ಬೆಂಗ್ಳೂರ್ ಸಾಹೇಬ್ರು ಸೈಕಲ್ನಾಗೆ ಬಂದಿದ್ರಲ್ಲ, ಯಾರು?" ಅವರಿಗೆ ನೀನು ಯಾರೆಂದೇ ಗೊತ್ತಾಗಲಿಲ್ಲ ಕಣಯ್ಯಾ. ನೀನು ಇಳಿಯದೆ ಹೋದೆ, ನಿಜ. ನಿನ್ನಪ್ಪನ ಮಗ ಇಳಿಯದೆ ಹೋದ ಎಂಬುದು ಆ ಬೀದಿಗೆ ಇನ್ನೂ ಮುಟ್ಟಿಲ್ಲ. ನಾನೂ ಹೇಳಲಿಲ್ಲ. ಅದು ನನ್ನ ಪುಕ್ಕಲುತನ, ಒಪ್ಪುತ್ತೇನೆ.

ಇನ್ನು ನಿನ್ನ ಅಪಾರ್ಟ್‌ಮೆಂಟಿನ ವಿಷಯ. ನಾನು ಹೊರಡುವಾಗ ನಿನ್ನ ಹಾಗೆಯೇ ಇನ್ನೊಬ್ಬರು ತಮ್ಮ ಸೈಕಲ್ಲನ್ನು ಲಿಫ್ಟಿನಲ್ಲಿ ಮೇಲಕ್ಕೆ ಒಯ್ಯುತ್ತಿದ್ದರು. ಗೇಟಿನ ಹೊರಗೆ, ಕಸದ ಡಬ್ಬಿಯ ಪಕ್ಕ, ವಾಚ್‌ಮನ್ನಿನ ಸೈಕಲ್ಲು ನಿಂತಿತ್ತು. ಒಳಗೆ ನಿಲ್ಲಿಸೋ ಹಾಗಿಲ್ಲ ಸಾ, ಅಂದ ಅವನು. ದಿನಾ ಹನ್ನೆರಡು ಕಿಲೋಮೀಟರು ತುಳಿದು ಬಂದು ಹನ್ನೆರಡು ಗಂಟೆ ನಿಲ್ಲುತ್ತಾನೆ. ಅವನ ಸವಾರಿಗೆ ಯಾವ ಪದಕವೂ ಇಲ್ಲ. ಸೈಕಲ್ಲಿಗೂ ಜಾತಿ ಬಂತೇ?

ಬಂದಿದೆ. 2020ರ ಮೇ ತಿಂಗಳನ್ನು ನೆನಪಿಸಿಕೊಳ್ಳಿ. ಲಾಕ್‌ಡೌನಿನಲ್ಲಿ ಹದಿನೈದು ವರ್ಷದ ಒಬ್ಬ ದಲಿತ ಹುಡುಗಿ ಗಾಯಗೊಂಡ ಅಪ್ಪನನ್ನು ಹಳೇ ಸೈಕಲ್ಲಿನ ಕ್ಯಾರಿಯರಿನ ಮೇಲೆ ಕೂರಿಸಿಕೊಂಡು ಗುರುಗ್ರಾಮದಿಂದ ಬಿಹಾರದ ದರ್ಭಂಗಾ ಕಡೆಯ ತನ್ನೂರಿಗೆ ಸುಮಾರು 1200 ಕಿಲೋಮೀಟರು ತುಳಿದಳು. ದೇಶ ಚಪ್ಪಾಳೆ ತಟ್ಟಿತು. ಸೈಕ್ಲಿಂಗ್ ಫೆಡರೇಷನ್ನು ಟ್ರಯಲ್ಸಿಗೆ ಬಾ ಎಂದು ಕರೆಯಿತು. ಹುಡುಗಿಯೊಬ್ಬಳು ಅಪ್ಪನನ್ನು ಹೊತ್ತು ಅಷ್ಟು ದೂರ ತುಳಿಯುವ ಗತಿ ಯಾಕೆ ಬಂತು ಎಂದು ಚಪ್ಪಾಳೆ ತಟ್ಟಿದವರು ಕೇಳಲಿಲ್ಲ. ಅದಾದ ಕೆಲವೇ ದಿನಕ್ಕೆ, ಜೂನ್ 3ರಂದು, ಬಡವರ ಸೈಕಲ್ಲು ಮಾಡುತ್ತಿದ್ದ ಅಟ್ಲಾಸ್ ಕಂಪನಿಯ ಸಾಹಿಬಾಬಾದ್ ಕಾರ್ಖಾನೆ ಕೆಲಸ ನಿಲ್ಲಿಸಿ ಕಾರ್ಮಿಕರನ್ನು ಮನೆಗೆ ಕಳಿಸಿತು. ಅವತ್ತು ವಿಶ್ವ ಸೈಕಲ್ ದಿನ. 2011ರ ಜನಗಣತಿಯಲ್ಲಿ ಈ ದೇಶದ ನೂರು ಮನೆಗಳಲ್ಲಿ ಸೈಕಲ್ಲು ಇದ್ದದ್ದು ಸುಮಾರು 45ರಲ್ಲಿ. ಉಳಿದ ಮನೆಗಳ ಪೈಕಿ ಕಾರು ಇಟ್ಟವರು ಎಷ್ಟು, ಕಾಲನ್ನೇ ನಂಬಿದವರು ಎಷ್ಟು, ನೀವೇ ಯೋಚಿಸಿ.

'ಅವನ ದುಡ್ಡು, ಅವನ ಸೈಕಲ್ಲು, ನಿಮಗ್ಯಾಕೆ ಹೊಟ್ಟೆಕಿಚ್ಚು' ಎಂದು ಕೇಳುವವರಿದ್ದಾರೆ. ಹೊಟ್ಟೆಕಿಚ್ಚು ಇದೆ. ಆ ರೋಡ್ ಸೈಕಲ್ಲನ್ನು ಒಂದು ಕೈಯಲ್ಲಿ ಎತ್ತಿ ನೋಡಿದಾಗ ನನಗೂ ಆಸೆಯಾಯಿತು. ಅದು ಗುಬ್ಬಿಯ ಹಾಗೆ ಹಗುರ. ಬಗೆಬಗೆಯ ಸವಾರಿಗೆ ಬಗೆಬಗೆಯ ಸೈಕಲ್ಲು ಬೇಕು ಎಂಬ ಮಾತು ಸುಳ್ಳು ಎಂದೂ ನಾನು ಹೇಳುವುದಿಲ್ಲ. ನಿಜವೇ. ಆದರೆ ನಿಜವಾಗಿ ಯಾರಿಗೆ ಬೇಕು ಎಂದು ಕೇಳುತ್ತೇನೆ. ವಿಜಯಪುರ, ಬಾಗಲಕೋಟೆ ಜಿಲ್ಲೆಗಳ ಹಳ್ಳಿಗಳಿಂದ ರಾಷ್ಟ್ರಮಟ್ಟದ ಸೈಕಲ್ ಪಟುಗಳು ಬಂದಿದ್ದಾರೆ. ಆ ಬಿಸಿಲ ನೆಲದ ಬಡವರ ಮಕ್ಕಳು. ರಸ್ತೆಯ ಪಂದ್ಯಕ್ಕೆ ಗೇರಿನ ಸೈಕಲ್ಲು ಬೇಕು. ವೆಲೋಡ್ರೋಮಿನ ಪಂದ್ಯಕ್ಕೆ ಬೇರೆಯದೇ ಬೇಕು. ಅದಕ್ಕೆ ಗೇರಿಲ್ಲ, ಬ್ರೇಕಿಲ್ಲ, ಚಕ್ರ ತಿರುಗುವಷ್ಟು ಹೊತ್ತೂ ಪೆಡಲು ತಿರುಗುತ್ತಲೇ ಇರುತ್ತದೆ. ಒಂದರಲ್ಲಿ ಇನ್ನೊಂದರ ಕೆಲಸ ಆಗುವುದಿಲ್ಲ. ಅಂದರೆ ಎರಡು ಸೈಕಲ್ಲು ನಿಜವಾಗಿ ಬೇಕಾದವಳು ಕೂಲಿಯವರ ಮಗಳು. ಪಂದ್ಯದ ಸೈಕಲ್ಲು ಒಂದರ ಬೆಲೆಯೇ ಲಕ್ಷ ದಾಟುತ್ತದೆ. ಇವಳ ಅಪ್ಪ ಎಷ್ಟು ಎಕರೆ ಕಬ್ಬು ಕಡಿಯಬೇಕು? ಅಗತ್ಯ ಇರುವುದು ಒಂದು ಕಡೆ, ಸೈಕಲ್ಲು ನೇತುಬಿದ್ದಿರುವುದು ಇನ್ನೊಂದು ಕಡೆ. ನನ್ನ ತಕರಾರು ಇದು.

ಹೊರಡುವಾಗ ಗೆಳೆಯ ಪ್ರೀತಿಯಿಂದಲೇ ಹೇಳಿದ: "ಆ ಹೈಬ್ರಿಡ್ ತಗಂಡೋಗು, ಯಾವ್ದಾದ್ರೂ ಹುಡ್ಗಿಗೆ ಕೊಡು. ನಾನು ಹೆಂಗೂ ಹೊಸದು ತಗೊಳ್ಳೋನು." ನಾನು ಬೇಡವೆಂದೆ. ಗೌಡರ ಮನೆಯ ಹಳೇ ಅಂಗಿ ಹಾಕಿಕೊಂಡು, ಹಬ್ಬದ ಮಾರನೇ ದಿನದ ತಂಗಳಿಗೆ ಅವ್ವನ ಜೊತೆ ಹಿತ್ತಿಲ ಬಾಗಿಲಲ್ಲಿ ನಿಂತವನು ನಾನು. ನಮ್ಮವನ ಕೈಯಿಂದಲೂ ಅದೇ ಹಳೇದು ಇಸಕೊಳ್ಳಬೇಕೆ ಅನ್ನಿಸಿತು. ಅದರ ಟೈರಿನ ಅಳತೆ ನಮ್ಮೂರ ಕಡೆ ಸಿಗುವುದೂ ಇಲ್ಲ. ಗೇರು ತಪ್ಪಿದರೆ ಕೂರಿಸಲು ನಮ್ಮ ಸೈಕಲ್ ಶಾಪಿನವನಿಗೆ ಬರುವುದಿಲ್ಲ. ಇಷ್ಟೆಲ್ಲ ನೆಪ ಹೇಳಿಕೊಂಡರೂ, ಒಂದು ಮಗುವಿಗೆ ಸಿಗುವುದನ್ನು ನನ್ನ ಸ್ವಾಭಿಮಾನಕ್ಕಾಗಿ ತಪ್ಪಿಸಿದೆನೇ ಎಂದು ಈಗಲೂ ಒಳಗೆ ಕೊರೆಯುತ್ತದೆ.

ಯಾಕೆಂದರೆ ನಮ್ಮ ಕೇರಿಯಿಂದ ಹೈಸ್ಕೂಲಿಗೆ ಐದೂವರೆ ಕಿಲೋಮೀಟರು. ಹೋದ ವರ್ಷ ನಾಲ್ಕು ಹುಡುಗಿಯರು ಒಟ್ಟಿಗೆ ನಡೆದು ಹೋಗುತ್ತಿದ್ದರು. ಈ ವರ್ಷ ಮೂವರು. ಒಬ್ಬಳು ಎಂಟನೇ ತರಗತಿಗೇ ನಿಂತಳು. ಯಾಕವ್ವಾ ಎಂದರೆ, ಕಬ್ಬಿನ ಗದ್ದೆ ಬದಿಯಲ್ಲಿ ಕತ್ತಲಾಗುತ್ತೆ ಸಾ, ಅಪ್ಪ ಬೇಡ ಅಂದ್ರು ಅಂದಳು. ಗಣಿತದಲ್ಲಿ ತರಗತಿಗೇ ಮುಂದಿದ್ದ ಹುಡುಗಿ.

ಅವಳ ಅಕ್ಕ ಹತ್ತನೇ ತರಗತಿ ಮುಗಿಸಿದಳು. ಅವಳಿಗೆ ಸರ್ಕಾರದ ಸೈಕಲ್ಲು ಬಂದಿತ್ತು. ಕರ್ನಾಟಕದಲ್ಲಿ 2006-07ರಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ಲಿನ ಯೋಜನೆ ಶುರುವಾಯಿತು. ಆ ಸೈಕಲ್ಲಿನ ನಟ್ಟು ಬಿಗಿಯಾಗಿರಲಿಲ್ಲ, ಬ್ರೇಕು ಹಿಡಿಯುತ್ತಿರಲಿಲ್ಲ, ಮೊದಲ ದಿನವೇ ಶಾಪಿಗೆ ಹೋಗಬೇಕಿತ್ತು. ಎಲ್ಲ ನಿಜ. ಆದರೂ ಸಾಲಾಗಿ ಇಪ್ಪತ್ತು ಹೆಣ್ಣುಮಕ್ಕಳು ಬೆಲ್ಲು ಬಾರಿಸುತ್ತಾ ಕಟ್ಟೆ ಮುಂದೆ ಹೋದ ದಿನ ನಾನು ನೋಡಿದ್ದೇನೆ. ಕಟ್ಟೆ ಬಾಯಿ ಮುಚ್ಚಿಕೊಂಡಿತ್ತು. 2020ರಲ್ಲಿ ಕೊರೊನಾ ಬಂದು ಶಾಲೆ ಮುಚ್ಚಿತು, ಸೈಕಲ್ಲು ಹಂಚುವುದೂ ನಿಂತಿತು. ಶಾಲೆಯ ಬಾಗಿಲು ತೆರೆದ ಮೇಲೂ ವರ್ಷಗಟ್ಟಲೆ ಸೈಕಲ್ಲು ಬರಲಿಲ್ಲ. ಈಗ ಬಸ್ಸು ಫ್ರೀ ಅಲ್ಲವಾ ಅನ್ನುತ್ತಾರೆ. 2023ರ ಜೂನ್‌ನಲ್ಲಿ ಬಂದ ಶಕ್ತಿ ಯೋಜನೆ ಒಳ್ಳೆಯದೇ, ನಮ್ಮ ಹೆಂಗಸರಿಗೆ ಕಾಲು ಬಂದಿದೆ. ಆದರೆ ಟಿಕೆಟ್ಟು ಫ್ರೀಯಾದರೆ ಸಾಲದು, ಬಸ್ಸು ಬರಬೇಕಲ್ಲ? ನಮ್ಮೂರಿಗೆ ಬೆಳಿಗ್ಗೆಯ ಬಸ್ಸು ಶಾಲೆ ಗಂಟೆ ಹೊಡೆದ ಮೇಲೆ ಬರುತ್ತದೆ.

ಸೈಕಲ್ಲಿನಿಂದ ಏನಾಗುತ್ತದೆ ಎಂದು ಕೇಳುವವರು ಬಿಹಾರ ನೋಡಲಿ. ಅಲ್ಲಿ 2006ರಲ್ಲಿ ಒಂಬತ್ತನೇ ತರಗತಿ ಸೇರಿದ ಹುಡುಗಿಯರಿಗೆ ಸೈಕಲ್ಲು ಕೊಳ್ಳಲು ದುಡ್ಡು ಕೊಡುವ ಯೋಜನೆ ಬಂತು. ಕಾರ್ತಿಕ್ ಮುರಳೀಧರನ್, ನಿಶಿತ್ ಪ್ರಕಾಶ್ ಎಂಬ ಅರ್ಥಶಾಸ್ತ್ರಜ್ಞರು ಲೆಕ್ಕ ಹಾಕಿ ನೋಡಿದಾಗ ಹೈಸ್ಕೂಲು ಸೇರುವ ಹುಡುಗಿಯರ ಪ್ರಮಾಣ ಸುಮಾರು ಮೂರನೇ ಒಂದರಷ್ಟು ಏರಿತ್ತು. ಶಾಲೆ ದೂರ ಇದ್ದ ಹಳ್ಳಿಗಳಲ್ಲೇ ಹೆಚ್ಚು. ತಮಿಳುನಾಡಿನ ಪುದುಕ್ಕೋಟ್ಟೈಯಲ್ಲಿ 1990ರ ದಶಕದ ಮೊದಲಲ್ಲಿ ಸಾಕ್ಷರತಾ ಚಳವಳಿಯವರು ಅಕ್ಷರದ ಜೊತೆಗೇ ಸೈಕಲ್ಲು ಕಲಿಸಿದರು. ಕಲ್ಲು ಒಡೆಯುವ, ಕೂಲಿ ಮಾಡುವ ಸಾವಿರಾರು ಹೆಂಗಸರು ಸೀರೆ ಎತ್ತಿ ಕಟ್ಟಿ ಹತ್ತಿದರು. ನಗುವವರು ನಕ್ಕರು. ಅವರು ಇಳಿಯಲಿಲ್ಲ.

1983ರಲ್ಲಿ ಕಾನ್ಶಿರಾಮ್ ಅವರು ಡಿಎಸ್-4 ಸಂಘಟನೆಯ ಕಾರ್ಯಕರ್ತರೊಡನೆ ದೆಹಲಿಯಿಂದ ಸೈಕಲ್ ಜಾಥಾ ಹೊರಟು ಉತ್ತರ ಭಾರತದ ರಾಜ್ಯಗಳನ್ನು ಸುತ್ತಿದರು. ಮರುವರ್ಷ ಏಪ್ರಿಲ್ 14ರಂದು ಪಕ್ಷವನ್ನೇ ಕಟ್ಟಿದರು. ಕಾರಿಗೆ ದುಡ್ಡಿಲ್ಲದ ಚಳವಳಿಗೆ ಸೈಕಲ್ಲೇ ಕಾಲಾಯಿತು. ನಮ್ಮ ಕಡೆಯೂ ಕರಪತ್ರದ ಕಟ್ಟು ಕ್ಯಾರಿಯರಿಗೆ ಬಿಗಿದು ಹಳ್ಳಿ ಹಳ್ಳಿ ತುಳಿದವರು ಎಷ್ಟು ಜನ! ಹಾಸ್ಟೆಲಿನ ಒಂದು ಸೈಕಲ್ಲಿನಲ್ಲಿ ನಾವಿಬ್ಬರೂ ಸರದಿಯ ಮೇಲೆ ತುಳಿಯುತ್ತಿದ್ದುದು ನೆನಪಿದೆಯೇನೋ ಗೆಳೆಯಾ? ಏರು ಬಂದಾಗ ಇಬ್ಬರೂ ಇಳಿಯುತ್ತಿದ್ದೆವು. ಅದು ನಾವೇ ಇಳಿದದ್ದು, ಯಾರೂ ಇಳಿಸಿದ್ದಲ್ಲ.

ಈಗ ನಮ್ಮ ಬೇಡಿಕೆ ಹೇಳಿಬಿಡುತ್ತೇನೆ. ದೂರದಿಂದ ಬರುವ ಪ್ರತಿ ಮಗುವಿಗೆ ಎಂಟನೇ ತರಗತಿಯಲ್ಲಿ ಒಂದು ಸೈಕಲ್ಲು. ಅದು ಬಂದ ಸರ್ಕಾರದ ದಯೆಯಾಗಬಾರದು, ಮಗುವಿನ ಹಕ್ಕಾಗಬೇಕು. ಬ್ರೇಕು ಹಿಡಿಯುವ ಸೈಕಲ್ಲು ಬೇಕು. ಶಾಲೆಯಲ್ಲೊಂದು ಗಾಳಿ ಪಂಪು, ಪಂಕ್ಚರು ಹಾಕುವ ಸಾಮಾನು, ವರ್ಷಕ್ಕೊಮ್ಮೆ ರಿಪೇರಿಯ ದುಡ್ಡು. ಗಂಟೆ ಹೊಡೆಯುವ ಮೊದಲೇ ಬರುವ ಬಸ್ಸು. ಪಂದ್ಯಕ್ಕೆ ಇಳಿಯುವ ಬಡವರ ಮಕ್ಕಳಿಗೆ ಅವರ ಪಂದ್ಯಕ್ಕೆ ತಕ್ಕ ಸೈಕಲ್ಲು. ಮೇಷ್ಟ್ರುಗಳೇ, ನಿಮ್ಮ ಶಾಲೆಯಲ್ಲಿ ಯಾವ ಮಗು ಎಷ್ಟು ದೂರ ನಡೆದು ಬರುತ್ತದೆ ಎಂದು ಪಟ್ಟಿ ಮಾಡಿ. ವಿದ್ಯಾರ್ಥಿ ಗೆಳೆಯರೇ, ಆ ಪಟ್ಟಿ ಹಿಡಿದು ತಾಲ್ಲೂಕು ಕಚೇರಿಯ ಮುಂದೆ ಕೂರಿ. ನೌಕರಿ ಹಿಡಿದ ನಮ್ಮಣ್ಣಂದಿರೇ, ಹಳೇದನ್ನು ದಾನ ಕೊಡಬೇಡಿ. ಈ ಕೂಗಿಗೆ ನಿಮ್ಮ ಗಂಟಲು ಕೊಡಿ.

ಕೊನೆಯ ಮಾತು ನಿನಗೆ, ಗೆಳೆಯಾ. ಬರುವ ಜನವರಿ 26ಕ್ಕೆ ಊರಿಗೆ ಬಾ. ಐದೂ ಸೈಕಲ್ಲು ತಾ. ಒಂದನ್ನು ನೀನು ಹತ್ತು. ಮಿಕ್ಕ ನಾಲ್ಕನ್ನು ಆ ನಾಲ್ಕು ಹುಡುಗಿಯರು ಹತ್ತುತ್ತಾರೆ, ಶಾಲೆ ಬಿಟ್ಟವಳೂ ಸೇರಿ. ನಮ್ಮಪ್ಪನ ಕರೀ ಸೈಕಲ್ಲು ಇನ್ನೂ ಅಟ್ಟದ ಮೇಲಿದೆ, ಅದನ್ನು ಇಳಿಸಿ ಎಣ್ಣೆ ಹಾಕಿ ನಾನು ತರುತ್ತೇನೆ. ಆ ಕಪ್ಪು ಕನ್ನಡಕ ಮಾತ್ರ ಮನೆಯಲ್ಲೇ ಇಟ್ಟು ಬಾ. ಕಟ್ಟೆಯ ಮುಂದೆ ಬಂದಾಗ ನಿಮ್ಮಪ್ಪನ ಹೆಸರು ಜೋರಾಗಿ ಕೂಗು. ನಾನೂ ನಮ್ಮವ್ವನ ಹೆಸರು ಕೂಗುತ್ತೇನೆ. ಈ ಸಲ ಯಾರು ಬಂದರೆಂದು ಅವರಿಗೆ ಗೊತ್ತಾಗಲಿ.

ಆಗ ಲೆಕ್ಕ ಸರಿಹೋಗುತ್ತದೆ. ನಿನ್ನ ಗೋಡೆಯಲ್ಲಿ ಎಷ್ಟಿವೆಯೋ ಅದಕ್ಕಿಂತ ಒಂದು ಹೆಚ್ಚು.